ಬಾಟಲಿಗೆ ಹತ್ತು ರೂಪಾಯಿ ಠೇವಣಿ: ಬಾಟಲಿ ವಾಪಸ್ ಬರುತ್ತದೆ, ಖರ್ಚು ಯಾರ ತಲೆಗೆ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ತಾಲ್ಲೂಕಿನಲ್ಲಿ ಮುಳ್ಳಯ್ಯನಗಿರಿ ಕಡೆ ಹೋಗುವ ರಸ್ತೆಯ ಪಂಚಾಯಿತಿ. ಸಂಜೀವಿನಿ ಒಕ್ಕೂಟದಿಂದ ಆರು ಜನ ಹೆಂಗಸರು ಒಣ ಕಸದ ಘಟಕ ನಡೆಸುತ್ತಿದ್ದೇವೆ. ಶನಿವಾರ, ಭಾನುವಾರ ಬಂತೆಂದರೆ ರಸ್ತೆ ಬದಿ, ಚರಂಡಿ, ಕಾಫಿ ತೋಟದ ಬೇಲಿ ಎಲ್ಲ ಕಡೆ ನೀರಿನ ಬಾಟಲಿ, ಬಿಯರ್ ಬಾಟಲಿ. ತೋಟದ ಕೆಲಸದವರ ಕಾಲಿಗೆ ಗಾಜು ಚುಚ್ಚುವುದು ಮಾಮೂಲಾಗಿದೆ. ಪ್ಲಾಸ್ಟಿಕ್ ಬಾಟಲಿಗೆ ಗುಜರಿಯವರು ಕೆಜಿಗೆ 15 ರೂಪಾಯಿ ಕೊಡುತ್ತಾರೆ, ಬೆಂಗಳೂರಿನಲ್ಲಿ 30 ಇದೆ ಅನ್ನುತ್ತಾರೆ. ಊಟಿಯಲ್ಲಿ ಬಾಟಲಿಗೆ 10 ರೂಪಾಯಿ ಡೆಪಾಸಿಟ್ ಇಟ್ಟ ಮೇಲೆ ರಸ್ತೆ ಚೊಕ್ಕಟವಾಯಿತಂತೆ, ನಮ್ಮಲ್ಲೂ ಮಾಡೋಣ ಎಂದು ಪಿಡಿಒ ಹೇಳುತ್ತಿದ್ದಾರೆ. 12 ಅಂಗಡಿ, 40 ಹೋಂಸ್ಟೇ ಇವೆ. ವ್ಯಾಪಾರ ಕೆಡುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಒಂದು ಬಾಟಲಿಗೆ 10 ರೂಪಾಯಿ ಎಂದರೆ ಘಟಕಕ್ಕೆ ಒಳ್ಳೆ ಆದಾಯ ಎಂದು ನಮ್ಮ ಸದಸ್ಯರು ಲೆಕ್ಕ ಹಾಕುತ್ತಿದ್ದಾರೆ. ನನಗೆ ಮಾತ್ರ ಕೈಯಿಂದ ಹೋದೀತೇನೋ ಎಂಬ ಭಯ. ಶುರು ಮಾಡಬಹುದೇ?
(ಒಕ್ಕೂಟದ ಕಾರ್ಯದರ್ಶಿಯೊಬ್ಬರು)

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ಬೇರೆ ಕೆಲಸಗಳಲ್ಲಿ ಯೋಜನೆ ಸೋತರೆ ನಷ್ಟ. ಬಾಟಲಿ ಠೇವಣಿಯಲ್ಲಿ ಯೋಜನೆ ಚೆನ್ನಾಗಿ ನಡೆದಷ್ಟೂ ನಡೆಸುವವರ ಕೈಯಿಂದ ಹೋಗುತ್ತದೆ. ಇದನ್ನು ಮೊದಲೇ ಅರ್ಥ ಮಾಡಿಕೊಂಡು, ಆ ಕೊರತೆಯನ್ನು ಯಾರು ತುಂಬಿಕೊಡುತ್ತಾರೆ ಎಂದು ಬರಹದಲ್ಲಿ ನಿರ್ಧರಿಸಿದ ಮೇಲೆ ಶುರು ಮಾಡಿ. ಶುರು ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ರಸ್ತೆ ಬದಿಯ ಬಾಟಲಿ ಕಡಿಮೆ ಮಾಡಲು ಇಷ್ಟು ಬೇಗ ಕೆಲಸ ಮಾಡುವ ಉಪಾಯ ಇನ್ನೊಂದಿಲ್ಲ.

ಮೊದಲು ಊಟಿಯ ವಿಷಯ. ನೀಲಗಿರಿ ಜಿಲ್ಲೆಯಲ್ಲಿ 2022ರಲ್ಲಿ ಶುರುವಾದದ್ದು ಮದ್ಯದ ಬಾಟಲಿಯ ಠೇವಣಿ, ನೀರಿನ ಬಾಟಲಿಯದ್ದಲ್ಲ. ಕಾಡಿನಲ್ಲಿ ಗಾಜು ಬೀಳುತ್ತಿದೆ ಎಂಬ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಒತ್ತಾಯಿಸಿದ ಮೇಲೆ ಅದು ಬಂತು. ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದಾಗ ವಾಪಸ್ ಕೊಡುತ್ತಾರೆ. ಬಾಟಲಿಗಳಲ್ಲಿ ಬಹುಪಾಲು ನಿಜಕ್ಕೂ ಮರಳಿ ಬಂದವು. ತಮಿಳುನಾಡಿನಲ್ಲಿ ಚಿಲ್ಲರೆ ಮದ್ಯ ಮಾರುವುದು ಸರ್ಕಾರದ ಟಾಸ್ಮ್ಯಾಕ್ ಒಂದೇ ಆದ್ದರಿಂದ ಅದು ಸಾಧ್ಯವಾಯಿತು. ಅಂಗಡಿ ಅವರದ್ದೇ, ಗಲ್ಲಾ ಅವರದ್ದೇ, ಪಕ್ಕದ ಅಂಗಡಿಯಲ್ಲಿ ಠೇವಣಿಯಿಲ್ಲದೆ 10 ರೂಪಾಯಿ ಕಡಿಮೆಗೆ ಸಿಗುವ ಪ್ರಶ್ನೆಯೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇರಳ 20 ರೂಪಾಯಿ ಠೇವಣಿ ಶುರು ಮಾಡಿದಾಗಲೂ ಅದು ಸರ್ಕಾರಿ ಬೆವ್ಕೊ ಮಳಿಗೆಗಳಲ್ಲೇ ನಡೆಯಿತು. ನಿಮ್ಮ 12 ಅಂಗಡಿಗೆ 12 ಯಜಮಾನರು. ಅವರಲ್ಲಿ ಒಬ್ಬರು ಹೊರಗುಳಿದರೂ ಗಿರಾಕಿಯೆಲ್ಲ ಅಲ್ಲಿಗೇ ಹೋಗುತ್ತಾರೆ. ಅಂಗಡಿಯವರು ವ್ಯಾಪಾರ ಕೆಡುತ್ತದೆ ಎನ್ನುವುದು ಈ ಅರ್ಥದಲ್ಲಿ ಸರಿ. ಹನ್ನೆರಡೂ ಅಂಗಡಿ ಒಟ್ಟಿಗೆ ಸೇರಿದರೆ ಆ ತಕರಾರು ಉಳಿಯುವುದಿಲ್ಲ, ಏಕೆಂದರೆ ಬೆಟ್ಟ ಹತ್ತಲು ಬಂದವರು 10 ರೂಪಾಯಿ ವಾಪಸ್ ಸಿಗುವುದೆಂದು ಗೊತ್ತಿದ್ದೂ ನೀರು ಕುಡಿಯದೆ ಹೋಗುವುದಿಲ್ಲ.

ಎರಡನೆಯದು ನಿಮ್ಮ ಸದಸ್ಯರ ಲೆಕ್ಕ. ಆ 10 ರೂಪಾಯಿ ಘಟಕದ ಆದಾಯವಲ್ಲ, ಗಿರಾಕಿಗೆ ನೀವು ತೀರಿಸಬೇಕಾದ ಸಾಲ. ನಿಮ್ಮೂರಲ್ಲೇ ಇದಕ್ಕೆ ಉದಾಹರಣೆ ಇದೆ. 20 ಲೀಟರ್ ನೀರಿನ ಕ್ಯಾನ್ ಕೊಡುವವರು ಕ್ಯಾನ್‌ಗೆ ಡೆಪಾಸಿಟ್ ಇಸಿದುಕೊಳ್ಳುತ್ತಾರೆ. ಆ ದುಡ್ಡನ್ನು ಗಾಡಿಯ ಡೀಸೆಲ್‌ಗೆ ಹಾಕಿ ಖರ್ಚು ಮಾಡಿದವರು, ಹತ್ತು ಮನೆಯವರು ಒಟ್ಟಿಗೆ ಕ್ಯಾನ್ ಹಿಂದಿರುಗಿಸಿದ ದಿನ ಸಿಕ್ಕಿಬೀಳುತ್ತಾರೆ. ಠೇವಣಿ ಯೋಜನೆ ನಡೆಸುವವರಿಗೆ ನಿಜವಾಗಿ ಬರುವ ಹಣ ಎರಡೇ ಬಗೆಯದು. ಒಂದು, ಬಾಟಲಿಯನ್ನು ಗುಜರಿಗೆ ಮಾರಿದ್ದು. ಇನ್ನೊಂದು, ಯಾರೂ ವಾಪಸ್ ತಾರದ ಬಾಟಲಿಯ ಠೇವಣಿ.

ಗುಜರಿಯ ಬೆಲೆ ಎಷ್ಟು ಅಲ್ಪ ಎಂಬುದಕ್ಕೆ ಒಂದು ಬಾಟಲಿಯನ್ನೇ ಕೈಗೆ ತೆಗೆದುಕೊಳ್ಳಿ. ಒಂದು ಲೀಟರ್ ನೀರಿನ ಖಾಲಿ ಬಾಟಲಿ ಮುಚ್ಚಳ ಸಹಿತ ಸುಮಾರು 20 ಗ್ರಾಂ. ಒಂದು ಕೆಜಿಗೆ 50 ಬಾಟಲಿ ಬೇಕು. ಕೆಜಿಗೆ 25 ರೂಪಾಯಿ ಸಿಕ್ಕರೂ ಒಂದು ಬಾಟಲಿಗೆ ಬೀಳುವುದು 50 ಪೈಸೆ. ಬಾಗಿ ಅದನ್ನು ಎತ್ತಿ, ಚೀಲಕ್ಕೆ ಹಾಕಿ, ಗಾಡಿಗೇರಿಸಿ, ವಿಂಗಡಿಸುವಷ್ಟರಲ್ಲಿ ಆ 50 ಪೈಸೆ ಮುಗಿದಿರುತ್ತದೆ. ಮರುಬಳಕೆಯಿಂದ ಹಣ ಬರುತ್ತದೆ ಎಂಬ ಮಾತು ತಂತಿ, ಅಲ್ಯೂಮಿನಿಯಂ ಡಬ್ಬಿ, ರಟ್ಟು ಇಂಥವಕ್ಕೆ ಒಪ್ಪುತ್ತದೆ. ಬಿಯರ್ ಅಥವಾ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಕೇವಲ 13-15 ಗ್ರಾಂ ತೂಗಿದರೂ ಕೆಜಿಗೆ ನೂರರ ಮೇಲೆ ಬೆಲೆಯಿದೆ, ಹಾಗಾಗಿ ಅದು ಠೇವಣಿಯಿಲ್ಲದೆಯೇ ರಸ್ತೆಯಿಂದ ಮಾಯವಾಗುತ್ತದೆ. ಕುರುಕಲು ತಿಂಡಿಯ ಹೊಳೆಯುವ ಪೊಟ್ಟಣಕ್ಕೆ ಬೆಲೆಯೇ ಇಲ್ಲ, ಅದು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹೋಗಬೇಕು, ಅಲ್ಲಿಗೆ ಸಾಗಿಸುವ ಖರ್ಚೂ ನಿಮ್ಮದೇ. ಪ್ಲಾಸ್ಟಿಕ್ ಬಾಟಲಿ ಇವೆರಡರ ನಡುವಿನದು. ಬೆಲೆ ಇದೆ, ಆದರೆ ಎತ್ತುವ ಕೂಲಿಗೆ ಸಾಲದು.

ಬೆಂಗಳೂರಿನಲ್ಲಿ 30, ನಿಮಗೆ 15 ಎಂದು ಬರೆದಿದ್ದೀರಿ. ಗುಜರಿಯವರು ಮೋಸ ಮಾಡುತ್ತಿದ್ದಾರೆ ಎಂದು ತಕ್ಷಣ ತೀರ್ಮಾನಿಸಬೇಡಿ. ಬಿಡಿ ಬಾಟಲಿ ಎಂದರೆ ಮುಕ್ಕಾಲು ಮೂರುವೀಸ ಗಾಳಿ. ಟಾಟಾ ಏಸ್ ಗಾಡಿ 700 ಕೆಜಿ ಹೊರಬಲ್ಲದು, ಆದರೆ ಬಿಡಿ ಬಾಟಲಿ ತುಂಬಿದರೆ 150 ಕೆಜಿ ಹಿಡಿಸುವುದೂ ಕಷ್ಟ. ನಿಮ್ಮಲ್ಲಿಂದ ಚಿಕ್ಕಮಗಳೂರಿಗೆ ಬಾಡಿಗೆ 1,200 ರೂಪಾಯಿ ಎಂದಿಟ್ಟರೆ ಕೆಜಿಗೆ 8 ರೂಪಾಯಿ ದಾರಿಯಲ್ಲೇ ಹೋಯಿತು. ಆಮೇಲೆ ಒಳಗಿನ ನೀರು, ಮಣ್ಣು, ಲೇಬಲ್ ಇವುಗಳ ಲೆಕ್ಕದಲ್ಲಿ ತೂಕ ಕಡಿತ. ನಂತರ ಊರಿನ ಗುಜರಿ, ಚಿಕ್ಕಮಗಳೂರಿನ ಸಗಟು ವ್ಯಾಪಾರಿ, ಬೆಂಗಳೂರಿನ ನಾಯಂಡಹಳ್ಳಿ ಕಡೆಯ ಚೂರು ಮಾಡುವವರು, ಹೀಗೆ ಪ್ರತಿ ಕೈಗೂ ಕೆಜಿಗೆ ಎರಡು ಮೂರು ರೂಪಾಯಿ. ಇದರ ಮೇಲೆ ಕಚ್ಚಾ ತೈಲದ ಆಟ. ಬಾಟಲಿಯ ಪೆಟ್ ಪ್ಲಾಸ್ಟಿಕ್ ಹುಟ್ಟುವುದು ತೈಲದಿಂದ. ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಅಗ್ಗ, ಆಗ ಹಳೆಯದನ್ನು ಕೇಳುವವರಿಲ್ಲ. ಈ ಬೆಲೆಯನ್ನು ನಂಬಿ ಸಂಬಳ ಗೊತ್ತು ಮಾಡಬಾರದು.

ನೀವು ಇಲ್ಲಿ ಸುಧಾರಿಸಬಹುದಾದದ್ದು ಇದೆ. ಮುಚ್ಚಳ ತೆಗೆದು, ಒಳಗಿನ ನೀರು ಚೆಲ್ಲಿ, ಬಾಟಲಿಯನ್ನು ಅಡ್ಡ ಮಲಗಿಸಿ ತುಳಿಯಿರಿ. ಮುಚ್ಚಳ ಬಿಗಿದಿದ್ದರೆ ಬಾಟಲಿ ಚಪ್ಪಟೆಯಾಗುವುದಿಲ್ಲ, ಪಟ್ಟೆಂದು ಹಾರಿ ಮುಖಕ್ಕೂ ಬಡಿಯಬಹುದು. ತುಳಿದ ಬಾಟಲಿಯಾದರೆ ಅದೇ ಗಾಡಿಗೆ ಎರಡರಿಂದ ಎರಡೂವರೆ ಪಟ್ಟು ಹಿಡಿಸುತ್ತದೆ. ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್, ಬೇರೆ ಚೀಲದಲ್ಲಿ ಕೂಡಿಟ್ಟರೆ ಅದಕ್ಕೇ ಬೇರೆ ದರ ಸಿಗುತ್ತದೆ. ಬಣ್ಣವಿಲ್ಲದ ಬಾಟಲಿ ಒಂದು ಕಡೆ, ಹಸಿರು ಬಾಟಲಿ ಇನ್ನೊಂದು ಕಡೆ. ಅಡುಗೆ ಎಣ್ಣೆಯ ಬಾಟಲಿ, ತೋಟಕ್ಕೆ ಹೊಡೆಯುವ ಔಷಧಿ ಅಥವಾ ಪೆಟ್ರೋಲ್ ತುಂಬಿದ ಬಾಟಲಿ ಇವುಗಳಲ್ಲಿ ಒಂದೂ ನೀರಿನ ಬಾಟಲಿಯ ಚೀಲಕ್ಕೆ ಬೀಳಬಾರದು. ಒಂದು ವಾಸನೆಯ ಬಾಟಲಿ ಸಿಕ್ಕಿದರೆ ವ್ಯಾಪಾರಿ ಇಡೀ ಚೀಲದ ದರ ಇಳಿಸುತ್ತಾನೆ. ಬಾಟಲಿ ಒತ್ತಿ ಬೇಲ್ ಕಟ್ಟುವ ಯಂತ್ರ ಕೊಳ್ಳಬೇಕೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಮಾರಲು ಬಂದೇ ಬರುತ್ತಾರೆ. ಬೇಡ. ತಿಂಗಳಿಗೆ ಇನ್ನೂರು ಕೆಜಿ ಬಾಟಲಿ ಎಂದರೆ ಎರಡು ಬೇಲ್. ಅಷ್ಟಕ್ಕೆ ಕೆಲವು ಲಕ್ಷದ ಯಂತ್ರ ಧೂಳು ಹಿಡಿಯುತ್ತದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕ ಹಲವು ಪಂಚಾಯಿತಿಗಳ ಒಣ ಕಸವನ್ನು ಒಂದೇ ಕಡೆ ಸೇರಿಸುತ್ತದೆ. ಯಂತ್ರಕ್ಕೆ ಕೆಲಸ ಸಿಗುವುದು ಆ ಪ್ರಮಾಣದಲ್ಲಿ.

ಈಗ ತಿಂಗಳ ಲೆಕ್ಕ. ಇವು ನಿಮ್ಮಲ್ಲಿ ಅಳೆದ ಅಂಕಿಗಳಲ್ಲ, ಲೆಕ್ಕದ ದಾರಿ ಕಾಣಲಿ ಎಂದು ಇಟ್ಟುಕೊಂಡವು. ನಿಮ್ಮ ಅಂಕಿ ಹಾಕಿ ಮತ್ತೆ ಮಾಡಿ ನೋಡಿ.

12 ಅಂಗಡಿ ಸೇರಿ ತಿಂಗಳಿಗೆ 10,000 ಬಾಟಲಿ ಮಾರುತ್ತವೆ ಎನ್ನೋಣ. ಠೇವಣಿ ಒಂದು ಲಕ್ಷ ರೂಪಾಯಿ ಬಂತು. ನೂರಕ್ಕೆ 80 ಬಾಟಲಿ ವಾಪಸ್ ಬಂದರೆ 80,000 ವಾಪಸ್ ಹೋಯಿತು, 20,000 ಉಳಿಯಿತು. 8,000 ಬಾಟಲಿ ಎಂದರೆ 160 ಕೆಜಿ, 25ರ ದರದಲ್ಲಿ 4,000 ರೂಪಾಯಿ. ಒಟ್ಟು 24,000 ಕೈಯಲ್ಲಿದೆ. ಖರ್ಚಿನ ಕಡೆ, ಬಾಟಲಿ ವಾಪಸ್ ತೆಗೆದುಕೊಳ್ಳುವ ಅಂಗಡಿಗೆ ಬಾಟಲಿಗೆ 1 ರೂಪಾಯಿಯಂತೆ 8,000, ಠೇವಣಿ ಕಟ್ಟಿದ ಬಾಟಲಿಯ ಗುರುತಿಗೆ ಹಚ್ಚುವ ಸ್ಟಿಕ್ಕರ್‌ಗೆ 40 ಪೈಸೆಯಂತೆ 4,000, ಗಾಡಿಗೆ 4,000, ವಿಂಗಡಿಸುವ ಕೂಲಿ 4,500, ಚೀಲ, ಪುಸ್ತಕ ಇತ್ಯಾದಿಗೆ 500. ಒಟ್ಟು 21,000. ಉಳಿತಾಯ 3,000. ಸದಸ್ಯರಿಗೆ ಸಂತೋಷ.

ಮುಂದಿನ ತಿಂಗಳು ಯೋಜನೆ ಇನ್ನೂ ಚೆನ್ನಾಗಿ ನಡೆಯಿತು, ನೂರಕ್ಕೆ 95 ಬಾಟಲಿ ಬಂತು ಎನ್ನಿ. ಉಳಿದ ಠೇವಣಿ ಬರೀ 5,000. ಗುಜರಿಯಿಂದ 190 ಕೆಜಿಗೆ 4,750. ಒಟ್ಟು 9,750. ಖರ್ಚು ಮಾತ್ರ ಏರಿತು. ಅಂಗಡಿಗಳಿಗೆ 9,500, ಸ್ಟಿಕ್ಕರ್ 4,000, ಗಾಡಿ 4,500, ಕೂಲಿ 5,000, ಇತರೆ 500. ಒಟ್ಟು 23,500. ಕೈಯಿಂದ ಹೋದದ್ದು 13,750 ರೂಪಾಯಿ. ಈ ಅಂಕಿಗಳಲ್ಲಿ ಆದಾಯ ಖರ್ಚು ಸಮವಾಗುವುದು ನೂರಕ್ಕೆ 82-83 ಬಾಟಲಿ ಬರುವಾಗ. ಅಲ್ಲಿಂದ ಮುಂದೆ ಬರುವ ಒಂದೊಂದು ಬಾಟಲಿಯೂ ರಸ್ತೆಗೆ ಲಾಭ, ಘಟಕಕ್ಕೆ ನಷ್ಟ.

ಇಲ್ಲೊಂದು ಅಪಾಯ ಅಡಗಿದೆ. ಬಾಟಲಿ ವಾಪಸ್ ಬಾರದಿದ್ದರೆ ಉಳಿತಾಯ ಎಂದಾದಾಗ, ನಡೆಸುವವರಿಗೆ ಗೊತ್ತಿಲ್ಲದಂತೆಯೇ ಮನಸ್ಸು ಆ ಕಡೆ ವಾಲುತ್ತದೆ. ವಾಪಸ್ ತೆಗೆದುಕೊಳ್ಳುವ ಹೊತ್ತು ಕಡಿಮೆಯಾಗುತ್ತದೆ, "ಸ್ಟಿಕ್ಕರ್ ಹರಿದಿದೆ, ಆಗಲ್ಲ" ಎಂಬ ಮಾತು ಜಾಸ್ತಿಯಾಗುತ್ತದೆ. ಎರಡು ವಾರಾಂತ್ಯದಲ್ಲಿ ಜನರ ನಂಬಿಕೆ ಹೋಗಿ ಬಾಟಲಿ ಮತ್ತೆ ಚರಂಡಿಗೆ ಬೀಳುತ್ತದೆ. ಅದಕ್ಕೇ ನಾನು ಹೇಳುವುದು, ಉಳಿಕೆ ಠೇವಣಿಯನ್ನು ನಂಬಿ ಕೂಲಿ ಕೊಡುವ ವ್ಯವಸ್ಥೆ ಬೇಡವೇ ಬೇಡ. ಕೊರತೆಗೆ ಬೇರೆ ಹಣ ಮೊದಲೇ ಗೊತ್ತಾಗಿರಬೇಕು.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಬಗೆಹರಿಸಿಕೊಂಡಿದ್ದಾರೆ ಎಂದು ನೋಡಿದರೆ ಪಾಠ ಸಿಗುತ್ತದೆ. ನಾರ್ವೆಯಲ್ಲಿ ಪಾನೀಯ ಕಂಪನಿಗಳ ಮೇಲೆ ಪರಿಸರ ತೆರಿಗೆ ಇದೆ. ಬಾಟಲಿ ಮರಳಿ ಬಂದಷ್ಟೂ ತೆರಿಗೆ ಇಳಿಯುತ್ತದೆ, ನೂರಕ್ಕೆ 95 ದಾಟಿದರೆ ತೆರಿಗೆಯೇ ಇಲ್ಲ. ಹಾಗಾಗಿ ಬಾಟಲಿ ವಾಪಸ್ ತರಿಸುವುದು ಕಂಪನಿಯದೇ ಲಾಭದ ಕೆಲಸ. ಅಮೆರಿಕದ ಮಿಷಿಗನ್‌ನಲ್ಲಿ ಯಾರೂ ಕೇಳದೆ ಉಳಿದ ಠೇವಣಿಯ ಮುಕ್ಕಾಲು ಭಾಗ ಸರ್ಕಾರಕ್ಕೆ ಹೋಗಿ ಪರಿಸರ ಶುದ್ಧಿಗೆ ಬಳಕೆಯಾಗುತ್ತದೆ, ಕಾಲು ಭಾಗ ಅಂಗಡಿಗಳಿಗೆ. ಕ್ಯಾಲಿಫೋರ್ನಿಯಾದಲ್ಲಿ ಬಾಟಲಿ ವಾಪಸ್ ಪಡೆಯುವ ಕೇಂದ್ರಗಳು ಗುಜರಿ ಬೆಲೆ ಮತ್ತು ಸರ್ಕಾರದ ಭತ್ಯೆ ಎರಡನ್ನೂ ನಂಬಿದ್ದವು. ಗುಜರಿ ಬೆಲೆ ಬಿತ್ತು, ಭತ್ಯೆ ಸಾಲದಾಯಿತು, 2019ರ ಆಗಸ್ಟ್‌ನಲ್ಲಿ ಅಲ್ಲಿನ ದೊಡ್ಡ ಸಂಸ್ಥೆ ರೀಪ್ಲಾನೆಟ್ ತನ್ನ 284 ಕೇಂದ್ರಗಳನ್ನು ಒಂದೇ ದಿನ ಮುಚ್ಚಿತು. ಜನ ಠೇವಣಿ ಕಟ್ಟುತ್ತಲೇ ಇದ್ದರು, ವಾಪಸ್ ಪಡೆಯಲು ಜಾಗವಿರಲಿಲ್ಲ.

ನಮ್ಮಲ್ಲಿ ಕಂಪನಿ ಹಣ ಕೊಡಬೇಕೆಂಬ ನಿಯಮ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಇದೆ. ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿಯ ಪ್ರಕಾರ ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸುವ ಕಂಪನಿಗಳು ಅದರ ವಿಲೇವಾರಿಯ ಹೊಣೆ ಹೊರಬೇಕು, ಮತ್ತು ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ 2025-26ರಿಂದ ಶೇ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಸೇರಿಸಬೇಕು, ಅದು 2028-29ಕ್ಕೆ ಶೇ 60ಕ್ಕೆ ಏರುತ್ತದೆ. ಆದರೆ ಹೊಣೆ ಪೂರೈಸಿದ್ದಕ್ಕೆ ಕಂಪನಿಗಳು ಹಣ ಕೊಟ್ಟು ಪಡೆಯುವ ಪ್ರಮಾಣಪತ್ರ ಹುಟ್ಟುವುದು ನೋಂದಾಯಿತ ಮರುಬಳಕೆ ಕಾರ್ಖಾನೆಯಲ್ಲಿ. ಹಣ ಅಲ್ಲಿಗೆ ಬರುತ್ತದೆ, ಬಾಟಲಿ ಎತ್ತಿದ ಪಂಚಾಯಿತಿಗೆ ತಾನಾಗಿ ಇಳಿದು ಬರುವುದಿಲ್ಲ. ನಿಮಗೆ ಸಿಗುವ ಅನುಕೂಲ ಪರೋಕ್ಷವಾದದ್ದು. ಠೇವಣಿಯಲ್ಲಿ ಬರುವ ಬಾಟಲಿ ಮಣ್ಣು ಹತ್ತದ, ನೀರು ಮಾತ್ರ ತುಂಬಿದ್ದ ಬಾಟಲಿ. ಮತ್ತೆ ಬಾಟಲಿಯೇ ಮಾಡಬಲ್ಲ ಗುಣಮಟ್ಟದ ಮಾಲು. ಅದನ್ನು ಬೇರೆಯಾಗಿಟ್ಟು, ತೂಕದ ಚೀಟಿ ಸಹಿತ, ಅಕ್ಕಪಕ್ಕದ ಪಂಚಾಯಿತಿಗಳ ಜೊತೆ ಸೇರಿ ಒಂದು ಲೋಡು ಮಾಡಿ ನೋಂದಾಯಿತ ಖರೀದಿದಾರರಿಗೆ ಮಾರಿದರೆ ಮಾಮೂಲಿ ದರಕ್ಕಿಂತ ಹೆಚ್ಚು ಕೇಳಲು ನಿಮಗೆ ಹಕ್ಕಿದೆ.

ಹಾಗಾದರೆ ಆ 13,750 ಎಲ್ಲಿಂದ? ನಿಮ್ಮ ಊರಿನಲ್ಲಿ ಉತ್ತರ ಹತ್ತಿರದಲ್ಲೇ ಇದೆ. 40 ಹೋಂಸ್ಟೇಗಳಿಂದ ತಿಂಗಳಿಗೆ ತಲಾ 350 ರೂಪಾಯಿ ಕಸ ನಿರ್ವಹಣಾ ಶುಲ್ಕ ಬಂದರೆ 14,000. ಒಂದು ಕೋಣೆಯ ಒಂದು ರಾತ್ರಿಯ ಬಾಡಿಗೆಯ ಮುಂದೆ ಅದು ಏನೂ ಅಲ್ಲ. ಪಂಚಾಯಿತಿ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿ, ರಸೀದಿ ಕೊಟ್ಟು ವಸೂಲು ಮಾಡಬೇಕು. ಈ ನಿರ್ಣಯವಾಗದೆ ಒಂದು ಸ್ಟಿಕ್ಕರ್ ಕೂಡ ಮುದ್ರಿಸಬೇಡಿ.

ಇನ್ನು ನಡೆಸುವ ಬಗೆ. ಅಂಗಡಿಗಳ ನಡುವೆ ಹಣದ ಜಗಳ ಬಾರದಿರಲು ಒಂದೇ ದಾರಿ, ಸ್ಟಿಕ್ಕರ್ ಅನ್ನೇ ಹಣದಂತೆ ನೋಡುವುದು. ಒಕ್ಕೂಟ ಅಂಗಡಿಗೆ ಸ್ಟಿಕ್ಕರ್ ಒಂದಕ್ಕೆ 10 ರೂಪಾಯಿಯಂತೆ ಮಾರುತ್ತದೆ. ಅಂಗಡಿಯವರು ಬಾಟಲಿಗೆ ಹಚ್ಚಿ ಗಿರಾಕಿಯಿಂದ 10 ಪಡೆಯುತ್ತಾರೆ. ಸ್ಟಿಕ್ಕರ್ ಇರುವ ಖಾಲಿ ಬಾಟಲಿ ಯಾವ ಅಂಗಡಿಗೆ ಬಂದರೂ ಅವರು 10 ಕೊಡುತ್ತಾರೆ. ಒಕ್ಕೂಟ ಆ ಬಾಟಲಿ ಎತ್ತಿಕೊಳ್ಳುವಾಗ ಅಂಗಡಿಗೆ 11 ಕೊಡುತ್ತದೆ. ಯಾರು ಎಲ್ಲಿ ಕೊಂಡರು ಎಂಬ ವಿಚಾರಣೆಯೇ ಬೇಡ. ಬೆಟ್ಟದಿಂದ ಇಳಿದು ಬರುವ ಕಡೆಯ ಒಂದೆರಡು ಅಂಗಡಿಗೆ ಮಾರಿದ್ದಕ್ಕಿಂತ ವಾಪಸ್ ಬರುವುದೇ ಹೆಚ್ಚು. ಅವರಿಗೆ ಶುಕ್ರವಾರ ಸಂಜೆಯೇ ಎರಡು ಸಾವಿರ ರೂಪಾಯಿ ಚಿಲ್ಲರೆ ಕೈಗಿಡಬೇಕು. ಭಾನುವಾರ ಮಧ್ಯಾಹ್ನ ಗಲ್ಲಾ ಖಾಲಿಯಾಗಿ "ನಾಳೆ ಬನ್ನಿ" ಎಂದರೆ ಬೆಂಗಳೂರಿನ ಗಿರಾಕಿಗೆ ನಾಳೆ ಎಂಬುದಿಲ್ಲ.

ಹಣ ಹೆಚ್ಚಾಗಿ ಸೋರುವುದು ಸ್ಟಿಕ್ಕರ್‌ನಲ್ಲಿ. ಠೇವಣಿ ಕಟ್ಟದ ಬಾಟಲಿ ಠೇವಣಿ ಪಡೆದುಕೊಂಡು ಹೋದರೆ ಪ್ರತಿಯೊಂದಕ್ಕೂ ಪೂರ್ತಿ 10 ರೂಪಾಯಿ ನಷ್ಟ. ತಿಂಗಳಿಗೆ 800 ಬಾಟಲಿ ಹೀಗೆ ನುಸುಳಿದರೆ 8,000 ಹೋಯಿತು. ಮಾಮೂಲಿ ಸ್ಟಿಕ್ಕರ್ ಅನ್ನು ಉಗುರಿನಲ್ಲಿ ಎಬ್ಬಿಸಿ ಇನ್ನೊಂದು ಬಾಟಲಿಗೆ ಹಚ್ಚಬಹುದು. ಹಾಗಾಗಿ ಮೊದಲೇ ಗೀರು ಹಾಕಿದ, ಎಬ್ಬಿಸಿದರೆ ಚೂರಾಗುವ ಕಾಗದದ ಸ್ಟಿಕ್ಕರ್ ಮಾಡಿಸಿ, ಕ್ರಮಸಂಖ್ಯೆ ಇರಲಿ. ಮುದ್ರಣದವರು ಹರಿಯುವ ವಿನೈಲ್ ಸ್ಟಿಕ್ಕರ್ ತೋರಿಸುತ್ತಾರೆ, ಅದು ಬೇಡ. ವಿನೈಲ್ ಎಂದರೆ ಪಿವಿಸಿ. ಕಾರ್ಖಾನೆಯಲ್ಲಿ ಬಾಟಲಿ ಚೂರನ್ನು ನೀರಿಗೆ ಹಾಕಿದಾಗ ಪೆಟ್ ಮುಳುಗುತ್ತದೆ, ಮುಚ್ಚಳ ಮತ್ತು ತೆಳು ಲೇಬಲ್ ತೇಲುತ್ತವೆ, ಹಾಗೆ ಬೇರ್ಪಡಿಸುತ್ತಾರೆ. ಪಿವಿಸಿ ಪೆಟ್ ಜೊತೆಗೇ ಮುಳುಗುತ್ತದೆ, ಕರಗಿಸುವ ಶಾಖದಲ್ಲಿ ಸುಟ್ಟು ಇಡೀ ಮಾಲನ್ನು ಕಪ್ಪಾಗಿಸುತ್ತದೆ. ಸ್ಟಿಕ್ಕರ್ ಹಚ್ಚುವ ಜಾಗ ಕಂಪನಿಯ ಲೇಬಲ್ ಮೇಲಲ್ಲ, ಮುಚ್ಚಳದ ಮೇಲೂ ಅಲ್ಲ, ಬರಿ ಬಾಟಲಿಯ ಭುಜದ ಮೇಲೆ. ಫ್ರಿಜ್‌ಗೆ ಇಡುವ ಮೊದಲೇ, ಒಣಗಿದ ಬಾಟಲಿಗೆ ಹಚ್ಚಿ ಒಂದು ರಾತ್ರಿ ಬಿಡಬೇಕು. ತಣ್ಣಗಿನ ಬಾಟಲಿ ಬೆವರಿದ ಮೇಲೆ ಹಚ್ಚಿದರೆ ಅರ್ಧ ಗಂಟೆಯಲ್ಲಿ ಜಾರುತ್ತದೆ, ಗಿರಾಕಿ ಜಗಳಕ್ಕೆ ಬರುತ್ತಾರೆ. ಬಾಟಲಿ ವಾಪಸ್ ಪಡೆದ ತಕ್ಷಣ, ಗಿರಾಕಿಯ ಎದುರಿಗೇ, ಸ್ಟಿಕ್ಕರ್ ಮೇಲಿಂದ ಬಾಟಲಿಗೆ ಚಾಕುವಿನಿಂದ ಒಂದು ಸೀಳು ಹಾಕಬೇಕು. ಸೀಳಿದ ಬಾಟಲಿ ಎರಡನೇ ಸಲ ಹಣ ಪಡೆಯಲಾರದು.

ಎಣಿಕೆಗೆ ತೂಕವೇ ಸಾಕ್ಷಿ. ನಿಮ್ಮಲ್ಲಿ ಹೆಚ್ಚು ಮಾರುವ ಬಾಟಲಿ ನೂರು ತೂಗಿ ಬರೆದಿಡಿ, ಒಂದು ಲೀಟರ್‌ನದ್ದಾದರೆ ಎರಡು ಕೆಜಿ ಆಸುಪಾಸು ಬರುತ್ತದೆ. ಅಂಗಡಿಯವರು ನೂರು ಎಂದು ಕೊಟ್ಟ ಚೀಲ ಒಂದೂವರೆ ಕೆಜಿ ತೂಗಿದರೆ ಬಿಚ್ಚಿ ಎಣಿಸಿ. ಅರ್ಧ ಲೀಟರ್ ಬಾಟಲಿಗೆ ಬೇರೆ ಚೀಲ. ಎರಡಕ್ಕೂ ಠೇವಣಿ 10 ರೂಪಾಯಿಯೇ ಇರಲಿ, ಎರಡು ದರ ಇಟ್ಟರೆ ಗಲ್ಲಾದಲ್ಲಿ ಗೊಂದಲ. 10 ಜಾಸ್ತಿಯಾಯಿತು, 2 ಇಡೋಣ ಎಂಬ ಒತ್ತಡ ಬಂದೇ ಬರುತ್ತದೆ. ಒಪ್ಪಬೇಡಿ. ಅಮೆರಿಕದ ಒರೆಗಾನ್ ರಾಜ್ಯ 1971ರಲ್ಲಿ ಕಾನೂನು ಮಾಡಿ ಇಟ್ಟ 5 ಸೆಂಟ್ ಠೇವಣಿ ದಶಕಗಳ ಕಾಲ ಹಾಗೇ ಉಳಿದು, ಬೆಲೆಯೇರಿಕೆಯಲ್ಲಿ ಅದಕ್ಕೆ ಕಿಮ್ಮತ್ತಿಲ್ಲದಾಯಿತು, ಜನ ಬಾಟಲಿ ತರುವುದು ಕಡಿಮೆ ಮಾಡಿದರು. 2017ರಲ್ಲಿ 10 ಸೆಂಟ್‌ಗೆ ಏರಿಸಿದ ಮೇಲೆ ಮತ್ತೆ ಬರತೊಡಗಿದವು. ಎರಡು ರೂಪಾಯಿಗೆ ಕಾರು ನಿಲ್ಲಿಸುವವರು ಯಾರೂ ಇಲ್ಲ. ಹತ್ತು ರೂಪಾಯಿಯ ಬಾಟಲಿಯನ್ನು ಕಾರಿನವರು ಎಸೆದರೂ ಬೇರೆ ಯಾರಾದರೂ ಎತ್ತಿ ತರುತ್ತಾರೆ. ಅದು ಒಳ್ಳೆಯದೇ, ಆದರೆ ಶಾಲೆ ಮಕ್ಕಳು ಘಾಟಿ ತಿರುವಿನಲ್ಲಿ, ಇಳಿಜಾರಿನಲ್ಲಿ ಬಾಟಲಿ ಹುಡುಕುತ್ತಾ ಅಲೆಯದಂತೆ ಮಕ್ಕಳ ಕೈಗೆ ಹಣ ಕೊಡುವುದಿಲ್ಲ ಎಂದು ಅಂಗಡಿಗಳಲ್ಲಿ ಮೊದಲೇ ಹೇಳಿಡಿ.

ಕಾನೂನಿನ ಕಡೆ ಒಂದು ಎಚ್ಚರ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದು ಅಪರಾಧ. 20 ರೂಪಾಯಿ ಬಾಟಲಿಗೆ 30 ತೆಗೆದುಕೊಂಡರೆಂದು ಪ್ರವಾಸಿಗರು ಫೋನಿನಲ್ಲಿ ಚಿತ್ರ ತೆಗೆದು ದೂರು ಕೊಟ್ಟರೆ ಅಂಗಡಿಯವರು ಒಂಟಿಯಾಗುತ್ತಾರೆ. ಪಂಚಾಯಿತಿ ನಿರ್ಣಯದ ಪ್ರತಿ ಅಂಗಡಿಯಲ್ಲಿ ತೂಗುಹಾಕಿರಲಿ. "ನೀರು 20, ವಾಪಸ್ ಸಿಗುವ ಠೇವಣಿ 10" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಫಲಕ ಇರಲಿ, ರಸೀದಿಯಲ್ಲಿ ಎರಡೂ ಬೇರೆ ಬೇರೆ ಸಾಲಿನಲ್ಲಿರಲಿ. ಶುರು ಮಾಡುವ ಮೊದಲೇ ಪಿಡಿಒ ಮೂಲಕ ಜಿಲ್ಲೆಯ ಕಾನೂನು ಮಾಪನ ಇಲಾಖೆಗೆ ಪತ್ರ ಬರೆಸಿ ಉತ್ತರ ಪಡೆಯಿರಿ. ಠೇವಣಿ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ, ಅದರಿಂದ ಕೂಲಿ, ಬಾಡಿಗೆ ಯಾವುದೂ ಹೋಗಬಾರದು. ಉಳಿಕೆ ಠೇವಣಿ ಎಂದು ಮುಟ್ಟುವುದು ಕನಿಷ್ಠ ಆರು ತಿಂಗಳ ನಂತರವೇ, ಅದೂ ಲೆಕ್ಕ ಸಭೆಯ ಮುಂದಿಟ್ಟ ಮೇಲೆ.

ಹೊರಗಿನಿಂದ ತರುವ ಬಾಟಲಿಗೆ ಅಂಗಡಿಯ ಠೇವಣಿ ತಾಗುವುದಿಲ್ಲ. ಕಡೂರಿನಲ್ಲೋ ಬೇಲೂರಿನಲ್ಲೋ ಕೊಂಡ ಬಾಟಲಿ ನಿಮ್ಮ ರಸ್ತೆಗೇ ಬೀಳುತ್ತದೆ. ಬೆಟ್ಟದ ದಾರಿಯ ಕೈಮರ ಚೆಕ್‌ಪೋಸ್ಟ್‌ನಲ್ಲಿ ಪ್ರತಿ ಕಾರಿನ ಬಾಟಲಿ ಎಣಿಸಿ ಠೇವಣಿ ಪಡೆಯೋಣ ಎಂಬ ಸಲಹೆ ಕೇಳಲು ಚೆನ್ನ. ಬೆಟ್ಟಕ್ಕೆ ಬಿಡುವ ಒಂದು ಸರದಿಗೆ 600 ವಾಹನ, ವಾಹನಕ್ಕೆ ಒಂದು ನಿಮಿಷ ಎಂದರೆ ಹತ್ತು ಗಂಟೆ. ನಾಲ್ಕು ಕೌಂಟರ್ ಇಟ್ಟರೂ ಎರಡೂವರೆ ಗಂಟೆ, ಮತ್ತೆ ಇಳಿಯುವಾಗ ಅಷ್ಟೇ. ಕೇದಾರನಾಥದಲ್ಲಿ 2022ರಿಂದ ಕ್ಯೂಆರ್ ಅಂಟಿಸಿ 10 ರೂಪಾಯಿ ಠೇವಣಿ ಪಡೆಯುವ ವ್ಯವಸ್ಥೆ ಬಂದಾಗಲೂ ಠೇವಣಿ ಪಡೆದದ್ದು ಅಂಗಡಿಯಲ್ಲಿ ಮಾರುವ ಬಾಟಲಿಗೆ. ಚೆಕ್‌ಪೋಸ್ಟ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಕುಡಿಯುವ ನೀರಿನ ನಲ್ಲಿ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಂಥದ್ದು ಒಂದು ಅಲ್ಲಿದ್ದು, ಕಾರಿನಲ್ಲಿರುವ ಬಾಟಲಿಗೆ ಮತ್ತೆ ನೀರು ತುಂಬಿಸಿಕೊಳ್ಳಲು ಸಾಧ್ಯವಾದರೆ ಎಷ್ಟೋ ಬಾಟಲಿ ಮಾರಾಟವೇ ಆಗುವುದಿಲ್ಲ. ಹೋಂಸ್ಟೇಗಳಿಗೂ ಇದೇ ಮಾತು. 20 ಲೀಟರ್ ಕ್ಯಾನ್ ಮತ್ತು ಗಾಜಿನ ಹೂಜಿ ಇಟ್ಟ ಹೋಂಸ್ಟೇಗೆ ಶುಲ್ಕದಲ್ಲಿ ರಿಯಾಯಿತಿ ಕೊಡಿ.

ಠೇವಣಿ ತಾಪತ್ರಯವೇ ಬೇಡ, ತಂದ ಬಾಟಲಿಗೆ ಘಟಕವೇ 1 ರೂಪಾಯಿ ಕೊಟ್ಟು ಕೊಳ್ಳಲಿ ಎನ್ನುವವರೂ ಇರುತ್ತಾರೆ. ಅದು ಎಲ್ಲಕ್ಕಿಂತ ಅಪಾಯದ ದಾರಿ. ಬಾಟಲಿಗೆ 1 ರೂಪಾಯಿ ಎಂದರೆ ಕೆಜಿಗೆ 50. ಚಿಕ್ಕಮಗಳೂರಿನ ಗುಜರಿ ಬಾಟಲಿಯೆಲ್ಲ ಆಟೋದಲ್ಲಿ ನಿಮ್ಮ ಬಾಗಿಲಿಗೆ ಬರುತ್ತದೆ. ಮೊದಲು ಹಣ ಕಟ್ಟಿಸಿಕೊಳ್ಳದ ಬಾಟಲಿಗೆ ಗುಜರಿ ದರಕ್ಕಿಂತ ಒಂದು ಪೈಸೆಯೂ ಹೆಚ್ಚು ಕೊಡಬೇಡಿ.

ಬಿಯರ್ ಬಾಟಲಿಯದು ಬೇರೆ ಲೆಕ್ಕ. 650 ಮಿಲಿಯ ಬಾಟಲಿ ಅರ್ಧ ಕೆಜಿ ಹತ್ತಿರ ತೂಗುತ್ತದೆ. ಇಡೀ ಇದ್ದರೆ ತೊಳೆದು ಮತ್ತೆ ತುಂಬಲು ಹೋಗುತ್ತದೆ, ಬಾಟಲಿ ಲೆಕ್ಕದಲ್ಲಿ ಬೆಲೆ. ಒಡೆದರೆ ಗಾಜಿನ ಚೂರು, ಕೆಜಿಗೆ ಒಂದೆರಡು ರೂಪಾಯಿ, ಸಾಗಿಸುವ ಬಾಡಿಗೆಗೂ ಸಾಲದು. ಹಾಗಾಗಿ ಗಾಜಿನಲ್ಲಿ ಹಣ ಉಳಿಯುವುದು ಒಡೆಯದಂತೆ ನೋಡಿಕೊಳ್ಳುವುದರಲ್ಲಿ. ಬಾರ್‌ನವರಿಗೆ 12 ಬಾಟಲಿಯ ರಟ್ಟಿನ ಪೆಟ್ಟಿಗೆಯನ್ನು ಒಳಗಿನ ಅಡ್ಡಪಟ್ಟಿ ಸಹಿತ ಎತ್ತಿಡಲು ಹೇಳಿ, ಬಾಟಲಿ ಅದರಲ್ಲೇ ವಾಪಸ್ ಬರಲಿ, ಗೋಣಿಚೀಲಕ್ಕೆ ಹಾಕಿದರೆ ಅರ್ಧ ಒಡೆಯುತ್ತವೆ. ಚೂರು ಎತ್ತುವವರಿಗೆ ದಪ್ಪ ಕೈಗವಸು, ಗಟ್ಟಿ ಬೂಟು ಒದಗಿಸುವುದು ಪಂಚಾಯಿತಿಯ ಜವಾಬ್ದಾರಿ. ಮದ್ಯಕ್ಕೆ ಠೇವಣಿ ಹಾಕುವ ಅಧಿಕಾರ ಮಾತ್ರ ನಿಮ್ಮ ಕೈಯಲ್ಲಿಲ್ಲ, ಅದು ಅಬಕಾರಿಗೆ ಸೇರಿದ್ದು. ನಮ್ಮ ರಾಜ್ಯದಲ್ಲಿ ಚಿಲ್ಲರೆ ಅಂಗಡಿ ಬಹುಪಾಲು ಖಾಸಗಿಯಾದರೂ ಸಗಟು ಸರಬರಾಜು ಸರ್ಕಾರದ ಪಾನೀಯ ನಿಗಮ ಒಂದರಿಂದಲೇ ಆಗುತ್ತದೆ. ಅಲ್ಲಿಂದ ಹೊರಡುವಾಗಲೇ ಪ್ರತಿ ಬಾಟಲಿಗೆ ಠೇವಣಿ ಸೇರಿಸಿದರೆ ಯಾವ ಅಂಗಡಿಯೂ ತಪ್ಪಿಸಿಕೊಳ್ಳಲಾರದು, ಗಾಜಿನ ಸಮಸ್ಯೆಗೆ ಗಟ್ಟಿ ಪರಿಹಾರ ಅದೇ. ಕಾಲಿಗೆ ಗಾಜು ಚುಚ್ಚಿಸಿಕೊಂಡ ತೋಟದ ಕೆಲಸದವರ ವಿಷಯವನ್ನು ಗ್ರಾಮಸಭೆಯಲ್ಲಿ ನಿರ್ಣಯವಾಗಿ ಬರೆಸಿ ಜಿಲ್ಲಾಧಿಕಾರಿಗೂ ನಿಮ್ಮ ಶಾಸಕರಿಗೂ ಕಳಿಸಿ. ಇಂಥ ನಿರ್ಣಯ ಸುತ್ತಲಿನ ಹತ್ತು ಪಂಚಾಯಿತಿಯಿಂದ ಹೋದರೆ ಮೂಲೆಗಿಡುವುದು ಕಷ್ಟ.

ಶುರು ಮಾಡುವುದಾದರೆ ಫೆಬ್ರವರಿಯಲ್ಲಿ ಮಾಡಿ, ಒಂದೇ ರಸ್ತೆಯಲ್ಲಿ, ನೀರಿನ ಬಾಟಲಿಗೆ ಮಾತ್ರ. ಏಪ್ರಿಲ್ ರಜೆಯ ಜನಜಂಗುಳಿ ಬರುವ ಹೊತ್ತಿಗೆ ಅಂಗಡಿಯವರ ಕೈ ಪಳಗಿರುತ್ತದೆ. ಪುಸ್ತಕದಲ್ಲಿ ನಾಲ್ಕು ಕಾಲಂ ಸಾಕು: ಕೊಟ್ಟ ಸ್ಟಿಕ್ಕರ್, ವಾಪಸ್ ಬಂದ ಬಾಟಲಿ, ತೂಕ, ಅಂಗಡಿಗೆ ಕೊಟ್ಟ ಹಣ. ಪ್ರತಿ ಸೋಮವಾರ ಖಾತೆಯ ಹಣವನ್ನು ಇನ್ನೂ ವಾಪಸ್ ಬಾರದ ಸ್ಟಿಕ್ಕರ್‌ಗಳ ಜೊತೆ ತಾಳೆ ನೋಡಿ. ಯಾವುದಾದರೂ ಒಂದು ಅಂಗಡಿಯಿಂದ ಮಾರಿದ್ದಕ್ಕಿಂತ ಬಹಳ ಹೆಚ್ಚು ವಾಪಸ್ ಬರುತ್ತಿದ್ದು, ಆ ಅಂಗಡಿ ಇಳಿಯುವ ದಾರಿಯಲ್ಲಿ ಇಲ್ಲದಿದ್ದರೆ, ಮುಂದಿನ ಚೀಲಗಳನ್ನು ಬರೀ ತೂಗಿ ಸುಮ್ಮನಾಗಬೇಡಿ, ಒಂದೊಂದು ಸ್ಟಿಕ್ಕರ್‌ನ ಸಂಖ್ಯೆಯನ್ನೂ ಓದಿ ಗುರುತು ಹಾಕಿ. ಮೂರು ತಿಂಗಳ ಪುಸ್ತಕ ಕೈಯಲ್ಲಿದ್ದರೆ ನಾನು ಮೇಲೆ ಊಹೆಯಿಂದ ಹಾಕಿದ ಅಂಕಿಗಳ ಜಾಗದಲ್ಲಿ ನಿಮ್ಮವೇ ಅಂಕಿ ಇರುತ್ತವೆ. ಹೋಂಸ್ಟೇ ಶುಲ್ಕ 350 ಸಾಕೇ, 400 ಬೇಕೇ ಎಂದು ಪಂಚಾಯಿತಿ ಸಭೆಯಲ್ಲಿ ಅವನ್ನೇ ಮುಂದಿಟ್ಟು ಕೇಳಬಹುದು.